ಕಾಕುವಿನ ನಾಲ್ಕು ಸೋಮವಾರಗಳು

ನಾಸಿಕ್ ರೋಡಿನ ನಮ್ಮ ಓಣಿಯಲ್ಲಿ ವಯಸ್ಸು ನಲವತ್ತು ದಾಟಿದ ಹೆಂಗಸರೆಲ್ಲ ಕಾಕುಗಳೇ, ಎಂದರೆ ಚಿಕ್ಕಮ್ಮಂದಿರೇ. ಹೊಲಿಗೆ ಯಂತ್ರದ ಕಾಕು, ಮೂಲೆಮನೆಯ ಕಾಕು, ಎರಡನೆಯ ಮಹಡಿಯ ಕಾಕು ಎಂದು ಗುರುತು ಹಚ್ಚಿ ಹೇಳಬೇಕಾಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಇವತ್ತಿಗೂ ಬರೀ ‘ಕಾಕು’ ಎಂದರೆ ಒಬ್ಬರೇ. ಅವರ ಹೆಸರನ್ನು ನಾನು ಓದಿದ್ದು ಒಂದೇ ಸಲ, ರೇಷನ್ ಕಾರ್ಡಿನ ಮೇಲೆ. ಯಾರೂ ಅವರನ್ನು ಆ ಹೆಸರಿನಿಂದ ಕರೆದದ್ದು ಕೇಳಿಲ್ಲ. ಹಾಗಾಗಿ ಇಲ್ಲಿಯೂ ಅದನ್ನು ಬರೆಯುವುದಿಲ್ಲ. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಇಷ್ಟು ದಿನ ಅವರ ಬಗ್ಗೆ ಬರೆಯದೆ ಇದ್ದದ್ದಕ್ಕೆ ಕಾರಣ ನಾನು ಮಾಡಿದ ಒಂದು ತಪ್ಪು. ಅದನ್ನು ಬಿಟ್ಟರೆ ಕಾಕುವಿನ ಚಿತ್ರ ಪೂರ್ತಿಯಾಗುವುದಿಲ್ಲ, ಸೇರಿಸುವುದಕ್ಕೆ ನನಗೆ ಧೈರ್ಯ ಬಂದಿರಲಿಲ್ಲ.

ಮದುವೆಯಾಗಿ ಅಲ್ಲಿಗೆ ಹೋದಾಗ ನನಗೆ ಇಪ್ಪತ್ತೆರಡು. ನನ್ನ ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಕ್ವಾರ್ಟರ್ಸ್ ಸಿಗುವವರೆಗೆ ಇರಲಿ ಎಂದು ನಾಸಿಕ್ ರೋಡಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ‘ಸಿಗುವವರೆಗೆ’ ಎಂಬುದು ಆರು ವರ್ಷ ನಡೆಯಿತು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಅವರನ್ನು ಕರೆದುಕೊಂಡು ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ಕೆಳಗೆ ಒಂದು ಕಿರಾಣಿ ಅಂಗಡಿ. ಅದರ ಹಿಂಗು, ಸಾಬೂನು, ಒಣಮೆಣಸಿನಕಾಯಿಯ ವಾಸನೆಗಳು ಒಂದಾಗಿ ಮೆಟ್ಟಿಲೇರಿ ಬರುತ್ತಿದ್ದವು. ಮೂರನೆಯ ದಿನ ಆ ವಾಸನೆಯ ಜೊತೆಗೆ ಅಂಗಡಿಯವರ ಹೆಂಡತಿಯೂ ಏರಿ ಬಂದರು.

“ಕನ್ನಡದವ್ರಂತ? ಯಾ ಕಡಿ?”

“ಗದಗ ಕಡೆಯವ್ರರಿ.”

“ನಮ್ದು ಭಾಲ್ಕಿ ಕಡಿ. ಏನ್ ಮಾಡ್ಲತ್ತಿ?”

“ಅಡಗಿ ಮಾಡಾಕತ್ತೀನ್ರಿ.”

ಅವರು ಬಾಗಿಲಿಗೆ ಒರಗಿ ನಕ್ಕರು. “ಮಾಡಾಕತ್ತೀನಂತ. ನಾ ಮಾಡ್ಲತ್ತೀನಿ, ನೀ ಮಾಡಾಕತ್ತಿ. ಒಟ್ಟು ಇಬ್ಬರೂ ಒಲಿ ಮುಂದೇ ಇದ್ದೇವು, ಬಿಡು.”

ಕಾಕು ಇದ್ದದ್ದೇ ಹಾಗೆ. ಕುಳ್ಳು, ಅಗಲವಾದ ಭುಜ, ನಡೆಯುವಾಗ ಎರಡೂ ಕೈ ದೇಹದಿಂದ ಸ್ವಲ್ಪ ದೂರ. ಆ ಕೈಗಳ ಮೇಲೆ, ಬೆರಳ ತುದಿಯಿಂದ ಶುರುವಾಗಿ ಮಣಿಕಟ್ಟಿನವರೆಗೆ, ಬಿಳಿ ಕಲೆಗಳು. ಬಾಯಿಯ ಎರಡೂ ಬದಿಗೂ ಚೂರು ಚೂರು ಇದ್ದವು. ನೋಡಬಾರದೆಂದುಕೊಂಡು ನಾನು ಮೊದಲ ದಿನವೆಲ್ಲ ಅವರ ಕಿವಿಯ ಬೆಂಡೋಲೆಯನ್ನೇ ನೋಡುತ್ತ ಮಾತಾಡಿದೆ. ಅವರೇ ಕೈ ಮುಂದೆ ಚಾಚಿ, “ಪೂರಾ ನೋಡಿ ಬಿಡು, ಆಮ್ಯಾಲ ಆರಾಮ ಮಾತಾಡು. ದೇವರು ನನಗ ಸುಣ್ಣಾ ಹಚ್ಚಲತ್ತಾನ. ಅರ್ಧಾ ಹಚ್ಚಿ ಎಲ್ಲಿಗೋ ಹೋಗ್ಯಾನ” ಎಂದರು.

ಡಾಕ್ಟರು ಅವರಿಗೆ ಮೊದಲೇ ಹೇಳಿದ್ದರು: ಇದು ಯಾರಿಗೂ ಅಂಟುವುದಿಲ್ಲ, ನೋವಿಲ್ಲ, ಹೆದರುವಂಥದ್ದಲ್ಲ. ಕಾಕುವಿಗೆ ಅಷ್ಟು ಸಾಕಾಗಿತ್ತು. ಸಾಕಾಗದಿದ್ದದ್ದು ಮನೆಯವರಿಗೆ. ಒಬ್ಬಳೇ ಮಗಳು, ಕಾಲೇಜಿನ ಕೊನೆಯ ವರ್ಷ. ಲಾತೂರು ಕಡೆಯ ಗಂಡಿನವರು ಬಂದು ಹುಡುಗಿಯನ್ನು ಮೆಚ್ಚಿ, ಚಹಾ ತಂದ ತಾಯಿಯ ಕೈ ನೋಡಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಹೋದವರು ಏನೂ ತಿಳಿಸಲಿಲ್ಲ. ಆಮೇಲೆ ಕಾಕು ಚಹಾದ ಟ್ರೇ ಹಿಡಿಯುವುದನ್ನು ಬಿಟ್ಟರು. ಆ ದಿನಗಳಲ್ಲಿ ಒಂದು ಸಲ ಮಾತ್ರ ಅವರು ತಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತದ್ದನ್ನು ನಾನು ಕಂಡೆ.

ಅವರ ಗಂಡನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು, ಮೆಲುದನಿ. ಗಿರಾಕಿ ಜಗಳಕ್ಕೆ ಬಂದರೆ ಅವರೇ ಅಂಗಡಿಯೊಳಗೆ ಸರಿದು ನಿಲ್ಲುವ ಪೈಕಿ. ಲೋಕದಲ್ಲಿ ಅವರು ಅಂಜುತ್ತಿದ್ದದ್ದು ಒಬ್ಬರಿಗೆ, ತಮ್ಮ ಅಕ್ಕನಿಗೆ. ಚಿಕ್ಕಂದಿನಲ್ಲೇ ತಾಯಿ ಹೋದಾಗ ಸಾಕಿದವರು ಅವರೇ. ಮದುವೆಯಾಗಿ ಔರಂಗಾಬಾದಿನಲ್ಲಿ ನೆಲೆಸಿದ್ದರು. ಈಗ ಆ ಊರು ಛತ್ರಪತಿ ಸಂಭಾಜಿನಗರ. ನಾನು ಹೇಳುತ್ತಿರುವ ಕಾಲಕ್ಕೆ ಸರಕಾರಿ ಎಸ್‌ಟಿ ಬಸ್ಸಿನ ಹಲಗೆಯ ಮೇಲೆ ಔರಂಗಾಬಾದ್ ಎಂದೇ ಇತ್ತು. ನಲವತ್ತು ವರ್ಷ ಅಲ್ಲಿದ್ದು ಅವರ ಕನ್ನಡ ಮುಕ್ಕಾಲು ಪಾಲು ಮರಾಠಿಯಾಗಿತ್ತು.

ಆ ಅಕ್ಕನೇ ಉಪಾಯ ಹುಡುಕಿದ್ದು. ಲೋಣಾರದ ಉಪ್ಪುನೀರಿನ ಕೆರೆಯಲ್ಲಿ ತಿಂಗಳಿಗೊಂದು ಸೋಮವಾರದಂತೆ ಏಳು ಸೋಮವಾರ ನಿಲ್ಲಬೇಕು. ಬರಿಹೊಟ್ಟೆಯಲ್ಲಿ, ಕುತ್ತಿಗೆಯವರೆಗೆ, ಒಂದು ತಾಸು, ಮಾತಾಡದೆ. ದಂಡೆಯ ದೇವಿಗೆ ನಮಸ್ಕರಿಸಿ ಬರಬೇಕು. ಯಾರಿಗೋ ಇದರಿಂದ ವಾಸಿಯಾಗಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಅಕ್ಕನಿಗೆ ಮೊಣಕಾಲು ನೋವು, ಕೆರೆಗೆ ಇಳಿಯಲಾರರು. ಕಾಕಾ ಅಂಗಡಿ ಬಿಡಲಾರರು. ಮಗಳಿಗೆ ಕಾಲೇಜು. ಹೀಗೆ ಎಲ್ಲರನ್ನೂ ತೆಗೆದುಹಾಕುತ್ತ ಬಂದಾಗ ಉಳಿದವಳು ನಾನು.

“ನಿನಗೇನು ಕೆಲಸ? ಗೋಡಿ ನೋಡ್ತಿ. ಅದರ ಬದ್ಲಿ ಕೆರಿ ನೋಡು ಬಾ” ಎಂದರು ಕಾಕು. ನನ್ನ ಗಂಡ ಒಪ್ಪಿದರು. ಒಪ್ಪದಿದ್ದರೆ ಕಾಕು ಅವರಿಗೆ ಕಳಿಸುವ ಶೇಂಗಾ ಹೋಳಿಗೆ ನಿಲ್ಲುತ್ತಿತ್ತು.

ಭಾನುವಾರ ಬಸ್ಸು ಹಿಡಿದು ಔರಂಗಾಬಾದಿಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿಯುವುದು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಜಾಲನಾ ದಾಟಿ ಲೋಣಾರ. ನಾಲ್ಕು ತಾಸಿನ ದಾರಿಯುದ್ದಕ್ಕೂ ಹತ್ತಿ, ತೊಗರಿ, ಬಯಲು. ಇಂಥ ಒಣನೆಲದಲ್ಲಿ ಕೆರೆ ಎಲ್ಲಿಂದ ಬರಬೇಕು ಎಂದುಕೊಳ್ಳುತ್ತಿರುವಾಗಲೇ ಊರು ಮುಗಿದು ನೆಲ ಒಮ್ಮೆಲೇ ಕೆಳಗೆ ಇಳಿದುಬಿಟ್ಟಿತು. ದೊಡ್ಡ ದುಂಡನೆಯ ಕುಳಿ. ಅದರ ಒಳಮೈಗೆಲ್ಲ ಕಾಡು, ತಳದಲ್ಲಿ ಹಸಿರು ನೀರು. ಆಕಾಶದಿಂದ ಉಲ್ಕೆ ಬಿದ್ದು ಆದ ಕುಳಿ ಎಂದು ನನ್ನ ಗಂಡ ಹೇಳಿ ಕಳಿಸಿದ್ದರು. ನಾನು ಅದನ್ನು ಕಾಕುವಿಗೆ ಹೇಳಿದೆ. ಅವರು ಅಂಚಿನಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿ, “ಬಿದ್ದಿದ್ದು ಚಲೋ ಆತು” ಎಂದರು.

ಕಾಲುದಾರಿಯಲ್ಲಿ ಇಳಿದೆವು. ಸೀತಾಫಲದ ಗಿಡಗಳು, ಮುರಿದ ಹಳೆಯ ಗುಡಿಗಳು, ಗುಡಿಯ ಮೇಲೆ ಮುಸಿಯ ಕೋತಿಗಳು. ನೀರು ಹತ್ತಿರವಾದಂತೆ ವಾಸನೆ ಹೊಡೆಯತೊಡಗಿತು.

“ಕಾಕು, ಕೊಳತ ತತ್ತಿ ವಾಸನಿ ಬರಾಕತ್ತೈತ್ರಿ.”

“ಲಿಂಗಾಯತರ ಹುಡುಗಿ, ತತ್ತಿ ವಾಸನಿ ನಿನಗ ಹ್ಯಾಂಗ ಗೊತ್ತು? ಗದಗದಾಗ ಏನೇನ್ ತಿಂದು ಬಂದಿ?”

ದಂಡೆಗೆ ಬಿಳಿ ಉಪ್ಪಿನ ಹೆಪ್ಪು, ಅದರಾಚೆ ಕರಿ ಕೆಸರು. ಒಂದೆರಡು ನೀರುಹಕ್ಕಿಗಳನ್ನು ಬಿಟ್ಟರೆ ಯಾರೂ ಇಲ್ಲ. ದೇವಿಯ ಗುಡಿ ಮರಗಳ ಮರೆಯಲ್ಲಿತ್ತು. ಕಾಕು ಪೊದೆಯ ಹಿಂದೆ ಹೋಗಿ ಹಳೆಯ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಬಂದರು. ಆ ನೀರು ಬೇಗ ಆಳವಾಗುವುದಿಲ್ಲ. ಕುತ್ತಿಗೆಮಟ್ಟ ಸಿಗಬೇಕಾದರೆ ಬಹಳ ದೂರ ನಡೆಯಬೇಕು. ಅವರು ನಡೆಯುತ್ತ ಹೋದರು, ನಾನು ಕಲ್ಲಿನ ಮೇಲೆ ಕುಳಿತು ಗಡಿಯಾರ ನೋಡತೊಡಗಿದೆ. ಐದು ನಿಮಿಷ ನಿಂತರು. ಹತ್ತು ನಿಮಿಷ ನಿಂತರು. ಆಮೇಲೆ ಒಮ್ಮೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಹಿಂದೆ ತಿರುಗಿ ನನ್ನನ್ನು ನೋಡಿದರು. ಮತ್ತೆ ಮುಂದಕ್ಕೆ ತಿರುಗಿದವರ ತಲೆ ನನ್ನಿಂದ ದೂರ ದೂರ ಸರಿಯತೊಡಗಿತು.

ಗದಗಿನ ಹುಡುಗಿ ನಾನು, ಎರಡು ಕೊಡಕ್ಕಿಂತ ಹೆಚ್ಚು ನೀರನ್ನು ಒಟ್ಟಿಗೆ ನೋಡಿದವಳಲ್ಲ. ಕಾಕು ಮುಳುಗುತ್ತಿದ್ದಾರೆ ಎಂದುಕೊಂಡು ಎದ್ದು ಕೂಗಿದೆ. ಅವರು ಅಲ್ಲಿಂದಲೇ ಒಂದು ಕೈ ಮೇಲೆತ್ತಿ, ಸುಮ್ಮನಿರು ಎಂಬಂತೆ ಆಡಿಸಿ, ಮುಂದೆ ಹೋದರು. ನೀರು ಚಿಮ್ಮಲಿಲ್ಲ, ಸಪ್ಪಳವಾಗಲಿಲ್ಲ. ಕೈಗಳು ನೀರಿನೊಳಗೇ ತೆರೆಯುತ್ತ ಮುಚ್ಚುತ್ತ ಇದ್ದವು. ಅಡುಗೆಮನೆಯಲ್ಲಿ ಡಬ್ಬಿ ಬೀಳಿಸದೆ ಒಂದು ದಿನವೂ ಕಳೆಯದ ಹೆಂಗಸು ಅಲ್ಲಿ ಒಂದು ಹಕ್ಕಿಯನ್ನೂ ಎಬ್ಬಿಸದೆ ಈಜಿದರು. ದೂರದಲ್ಲಿ ಬೆನ್ನ ಮೇಲೆ ಹೊರಳಿ, ಕೈಕಾಲು ಬಿಟ್ಟು, ಆಕಾಶ ನೋಡುತ್ತ ಮಲಗಿದರು. ಒಂದು ತಾಸು ಮುಗಿದದ್ದನ್ನು ನಾನು ಗಮನಿಸಲಿಲ್ಲ. ನೋಡುತ್ತ ಕುಳಿತುಬಿಟ್ಟೆ. ಅಷ್ಟು ಸಮಾಧಾನದಿಂದ ಇರುವ ಮನುಷ್ಯರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ಕಂಡಿಲ್ಲ.

ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿದ್ದವು. ಆ ನೀರು ಸೋಡಾ ಕಲಸಿದಂತೆ, ಮೈಗೆ ನುಣುಪು, ಕಣ್ಣಿಗೆ ಉರಿ.

“ನಾ ಕಾಲು ಎತ್ತಿದೆ, ಅಷ್ಟೇ. ಮುಂದಿಂದು ನೀರೇ ಮಾಡ್ತು” ಎಂದರು, ನಾನೇನೋ ಕೇಳಿದೆ ಎನ್ನುವಂತೆ.

“ಈಸಾಕ ಬರ್ತದೇನ್ರಿ ನಿಮಗ?”

“ಬರ್ತಿತ್ತು. ಬರ್ತದೋ ಇಲ್ಲೋ ಅಂತ ಮೂವತ್ತು ವರ್ಷದಿಂದ ಗೊತ್ತಿದ್ದಿಲ್ಲ.”

ಪುಸ್ತಕದ ಕನ್ನಡದಲ್ಲಿ ಈಜು ಎನ್ನುತ್ತಾರೆ. ಕಾಕುವಿಗೆ ಆ ಶಬ್ದವೇ ಗೊತ್ತಿರಲಿಲ್ಲ. ಅವರದು ಈಸು. ಹತ್ತುವ ದಾರಿಯಲ್ಲಿ ಕಲ್ಲಿನ ಗೋಮುಖದಿಂದ ಬೀಳುವ ಸಿಹಿನೀರಿನಲ್ಲಿ ಉಪ್ಪು ತೊಳೆದುಕೊಳ್ಳುತ್ತ ಅವರು ಕಥೆ ಹೇಳಿದರು. ತವರಿನ ಹೊಲದಲ್ಲಿ ಮೆಟ್ಟಿಲಿನ ಬಾವಿ ಇತ್ತು. ಅಣ್ಣಂದಿರ ಜೊತೆ ಅವರೂ ಇಳಿಯುತ್ತಿದ್ದರು. ತಳಕ್ಕೆ ಮುಳುಗಿ ಕೆಸರು ಹಿಡಿದು ಬಂದು ತೋರಿಸಬೇಕು, ಅದು ಪಂದ್ಯ. ಯಾವಾಗಲೂ ಇವರದೇ ಗೆಲುವು. ಹದಿನಾರಕ್ಕೆ ಲಗ್ನ ಗೊತ್ತಾದ ದಿನ ಅಪ್ಪ ಬಾವಿಯ ದಂಡೆಗೆ ಬಂದು, “ಇನ್ನ ಸಾಕವ್ವ” ಎಂದರು. ಮೇಲೆ ಬಂದು ತಲೆ ಒರೆಸಿಕೊಂಡದ್ದಷ್ಟೇ, ಮತ್ತೆ ಇಳಿದಿರಲಿಲ್ಲ.

ಮನೆಯಲ್ಲಿ ಏನು ಹೇಳುವುದು ಎಂದು ನಾನು ಕೇಳಿದೆ. “ನೀರಾಗ ನಿಂತಿದ್ರು ಅಂತ ಹೇಳು. ಸುಳ್ಳೇನದ ಅದರಾಗ? ಹತ್ತು ಮಿನಿಟು ನಿಂತೀನಲ್ಲ.”

ಆಮೇಲಿನ ತಿಂಗಳುಗಳಲ್ಲಿ ಕಾಕು ಸೋಮವಾರಕ್ಕೆ ಮೊದಲೇ ಎರಡು ದಿನ ಚೀಲ ತುಂಬಿಕೊಂಡು ಕೂರುತ್ತಿದ್ದರು. ಕಲೆಗಳು ಇದ್ದಲ್ಲೇ ಇದ್ದವು. ಅಕ್ಕ ಪ್ರತಿಸಲ ಅವರ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸ್ವಲ್ಪ ಮಾಸಿದಂತೆ ಕಾಣುತ್ತದೆ ಎನ್ನುತ್ತಿದ್ದರು. ಕಾಕು ಹೌದೆಂದು ತಲೆಯಾಡಿಸುತ್ತಿದ್ದರು. ವಾಸಿಯಾಗಲಿ ಎಂದು ಅವರಿಗೂ ಆಸೆ ಇರಲಿಲ್ಲವೆಂದಲ್ಲ, ಮಗಳ ಮುಖ ಕಣ್ಣ ಮುಂದಿತ್ತು. ಆದರೆ ಬೇಗ ವಾಸಿಯಾದರೆ ಸೋಮವಾರಗಳು ಮುಗಿದುಹೋಗುತ್ತವಲ್ಲ ಎಂಬ ಅಂಜಿಕೆಯೂ ಅವರಿಗಿತ್ತು. ಒಂದು ಸಲ ಬಸ್ಸಿನಲ್ಲಿ ಕಿವಿಯಲ್ಲಿ ಹೇಳಿದರು: “ಏಳು ಮುಗದ ಮ್ಯಾಲ, ಇನ್ನೊಂದು ಏಳು ಬೇಕಂತ ಅಕ್ಕಾರ ಬಾಯಾಗ ಹ್ಯಾಂಗರ ಮಾಡಿ ಬರಸಬೇಕು. ನೀ ವಿಚಾರ ಮಾಡು.”

ಮೂರನೆಯ ಸೋಮವಾರ ನನ್ನನ್ನೂ ನೀರಿಗೆಳೆದರು. ಅಂಗಡಿಯಿಂದ ಖಾಲಿ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿ ತಂದು, ಮುಚ್ಚಳ ಬಿಗಿದು, ನನ್ನ ಸೊಂಟಕ್ಕೆ ಕಟ್ಟಿದರು. ನಡುಮಟ್ಟದ ನೀರಿನಲ್ಲಿ ನನ್ನನ್ನು ಬೆನ್ನ ಮೇಲೆ ಮಲಗಿಸಿ ಕುತ್ತಿಗೆಯ ಕೆಳಗೆ ಅಂಗೈ ಇಟ್ಟರು.

“ತಲಿ ಬಿಡು.”

“ಬಿಟ್ರ ಮುಳುಗತೀನ್ರಿ.”

“ಹಿಡದ್ರ ಮುಳುಗತಿ. ಬಿಡು ಅಂದ್ನೆಲ್ಲ.”

ಬಿಟ್ಟೆ. ಕಿವಿಯೊಳಗೆ ನೀರು ಹೊಕ್ಕು ಲೋಕದ ಸದ್ದೆಲ್ಲ ನಿಂತಿತು. ಮೇಲೆ ಕುಳಿಯ ಅಂಚು ದುಂಡಗೆ ಸುತ್ತಿತ್ತು, ನಡುವೆ ಆಕಾಶ. ಅಂಗೈ ಯಾವಾಗ ತೆಗೆದರೋ ತಿಳಿಯಲಿಲ್ಲ. ಆ ಊರಿಗೆ ಬಂದ ಮೇಲೆ ನನ್ನೊಳಗೆ ಕೂತಿದ್ದ ಒಂಟಿತನ ಅವತ್ತು ನನ್ನನ್ನು ಬಿಟ್ಟುಹೋಯಿತು ಎಂದೇ ನನಗೆ ಅನಿಸುತ್ತದೆ. ಇದನ್ನು ಅವರ ಎದುರಿಗೆ ಯಾವತ್ತೂ ಹೇಳಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನನಗೆ ಮರಾಠಿ ಬರುತ್ತಿರಲಿಲ್ಲ, ಕಲಿಯುವ ಹುಮ್ಮಸ್ಸು ಮಾತ್ರ ಬಹಳ ಇತ್ತು. ಒಂದು ಶಬ್ದ ಸಿಕ್ಕರೆ ಅದರಿಂದ ನಾಲ್ಕು ಶಬ್ದ ನಾನೇ ಮಾಡಿಕೊಳ್ಳುತ್ತಿದ್ದೆ. ಮರಾಠಿಯಲ್ಲಿ ಊಟಕ್ಕೆ ಜೇವಣ, ಊಟ ಮಾಡಿದರು ಎನ್ನಲು ಜೇವಲ್ಯಾ. ಇದು ನನಗೆ ಬಹಳ ಇಷ್ಟವಾದ ವ್ಯಾಕರಣ. ಅವಲಕ್ಕಿಗೆ ಅವರು ಪೋಹೆ ಎನ್ನುತ್ತಾರೆ. ಲೋಣಾರದ ಬಸ್‌ಸ್ಟ್ಯಾಂಡಿನಲ್ಲಿ ನೀರಿನಿಂದ ಬಂದ ಮೇಲೆ ನಾವು ಪ್ರತಿಸಲ ಅದನ್ನೇ ತಿನ್ನುತ್ತಿದ್ದೆವು.

ನಾಲ್ಕನೆಯ ಸೋಮವಾರ. ಅಂಗಡಿಗೆ ಸಾಮಾನು ನೋಡಲೆಂದು ಕಾಕಾ ಕೂಡ ಅವತ್ತು ಔರಂಗಾಬಾದಿಗೆ ಬಂದಿದ್ದರು. ನಾವು ಲೋಣಾರದಿಂದ ಮರಳುವಷ್ಟರಲ್ಲಿ ಅಕ್ಕ ರೊಟ್ಟಿ, ಪುಂಡಿಪಲ್ಲೆ ಮಾಡಿ ಕಾಯುತ್ತಿದ್ದರು. ನಾಲ್ವರೂ ಕುಳಿತೆವು. ಅಕ್ಕ ನನ್ನನ್ನು ಮಾತಾಡಿಸಬೇಕೆಂದು ಪ್ರೀತಿಯಿಂದಲೇ ಮರಾಠಿಯಲ್ಲಿ ಕೇಳಿದರು, ನೀರಿನಿಂದ ಬಂದ ಮೇಲೆ ಏನು ತಿಂದಿರಿ ಎಂದು. ನಾನು ಎದೆ ಉಬ್ಬಿಸಿ ಹೇಳಿದೆ:

“ಕಾಕೂ ಪೋಹಲ್ಯಾ. ಮೀ ಪಣ ಪೋಹಲೆ.”

ಕಾಕು ಅವಲಕ್ಕಿ ತಿಂದರು, ನಾನೂ ತಿಂದೆ. ನನ್ನ ಲೆಕ್ಕದಲ್ಲಿ ಹಾಗೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಕೂಡ ಮುಗುಳ್ನಕ್ಕರು. “ಹುಚ್ಚಿ, ಪೋಹೇ ಖಾಲ್ಲೆ ಅನ್ನಬೇಕು. ಪೋಹಲ್ಯಾ ಅಂದ್ರ ಈಸಿದ್ರು ಅಂತ ಆಗ್ತದ” ಎಂದರು ಅಕ್ಕ.

ಅಲ್ಲಿಗೆ ಅದು ಒಂದು ನಗೆಮಾತಾಗಿ ಮುಗಿಯುತ್ತಿತ್ತು. ಯಾರಿಗೂ ಸಂಶಯ ಬಂದಿರಲಿಲ್ಲ, ಅಕ್ಕ ಆಗಲೇ ಇನ್ನೊಂದು ರೊಟ್ಟಿ ಹಾಕಲು ಕೈ ಚಾಚಿದ್ದರು. ಆದರೆ ನನಗೆ ಕೇಳಿಸಿದ್ದು ‘ಈಸಿದ್ರು’ ಎಂಬ ಒಂದೇ ಶಬ್ದ. ಸಿಕ್ಕಿಬಿದ್ದೆವು ಎಂದುಕೊಂಡೆ.

“ಇಲ್ರಿ, ಕಾಕು ಈಸಿಲ್ರಿ. ಖರೇನ ಈಸಿಲ್ಲ. ಬರೇ ನಿಂತಿದ್ರು. ನಾ ನೋಡೀನಿ, ಅವರು ಈಸಿಲ್ಲ” ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂದುಬಿಟ್ಟಿತು.

ಈಸಿದರೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಅಕ್ಕನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಅವರು ಕಾಕುವಿನ ಕಡೆ ನೋಡಿದರು. ಕಾಕು ಇಲ್ಲವೆನ್ನಬಹುದಿತ್ತು. ಈ ಹುಡುಗಿಗೆ ತಲೆ ಕೆಟ್ಟಿದೆ ಎಂದು ನಕ್ಕಿದ್ದರೂ ಎಲ್ಲರೂ ನಂಬುತ್ತಿದ್ದರು. ಅವರು ತಟ್ಟೆ ನೋಡುತ್ತ ಕುಳಿತರು. ಆ ಈಜನ್ನು ಸುಳ್ಳು ಎನ್ನಲು ಅವರಿಗೆ ಮನಸ್ಸಾಗಲಿಲ್ಲ ಎಂದು ಈಗ ತಿಳಿಯುತ್ತದೆ.

“ಎಷ್ಟು ಸಲ?” ಎಂದು ಕಾಕಾ ಕೇಳಿದರು.

“ನಾಲ್ಕೂ ಸಲ” ಎಂದರು ಕಾಕು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಳತೊಡಗಿದರು. ದೇವಿಯ ನೀರನ್ನು ಆಟದ ನೀರು ಮಾಡಿದರೆ ಗುಣ ಎಲ್ಲಿಂದ ಬರಬೇಕು, ಮಗಳ ಮುಖವನ್ನಾದರೂ ನೋಡಬಾರದಿತ್ತೇ, ಬಯಲಿನಲ್ಲಿ ಕಚ್ಚೆ ಕಟ್ಟಿ ಈಜುವ ತಾಯಿಯ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ತಮ್ಮನನ್ನು ಕೇಳಿದರು. ಕಾಕಾ ಅಕ್ಕನ ಮುಖ ನೋಡಿದರು, ಹೆಂಡತಿಯ ಮುಖ ನೋಡಲಿಲ್ಲ.

“ಇನ್ನ ಸಾಕು” ಎಂದರು.

ಮರುದಿನ ನಾಸಿಕ್ಕಿನ ಬಸ್ಸಿನಲ್ಲಿ ಕಾಕಾ ಮುಂದಿನ ಸೀಟಿನಲ್ಲಿ ಕುಳಿತರು, ನಾವಿಬ್ಬರು ಹಿಂದೆ. ವೈಜಾಪುರದಲ್ಲಿ ಬಸ್ಸು ನಿಂತಾಗ ಕಾಕು ಕಿಟಕಿಯಿಂದ ಒಂದು ಪೇರಲಹಣ್ಣು ಕೊಂಡು, ಹಲ್ಲಿನಿಂದ ಕಚ್ಚಿ ಎರಡು ಮಾಡಿ, ದೊಡ್ಡ ಚೂರನ್ನು ನನ್ನ ಕೈಗಿಟ್ಟರು.

“ನಿನ್ನ ಮರಾಠಿ ಸುಧಾರಸ್ಯಾದ” ಎಂದರು. “ವಾಕ್ಯ ಬರೋಬರ ಇತ್ತು.”

ನಾನು ಮತ್ತೆ ಅಳತೊಡಗಿದೆ. “ಹಣ್ಣು ತಿನ್ನು. ಉಪ್ಪು ಜಾಸ್ತಿ ಆಗ್ತದ” ಎಂದರು. ಅದರ ಬಗ್ಗೆ ಅವರು ನನಗೆ ಹೇಳಿದ್ದು ಅಷ್ಟೇ. ಕ್ಷಮಿಸಿದ್ದೇನೆ ಎನ್ನಲಿಲ್ಲ, ತಪ್ಪು ಮಾಡಿದೆ ಎಂದೂ ಅನ್ನಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಇವತ್ತು ಕೇಳೋಣ, ನಾಳೆ ಕೇಳೋಣ ಎನ್ನುವುದರಲ್ಲೇ ವರ್ಷಗಳು ಹೋದವು.

ಉಳಿದ ಮೂರು ಸೋಮವಾರ ಬರಲಿಲ್ಲ. ಕಾಕು ಎಂದಿನಂತೆಯೇ ಇದ್ದರು, ಡಬ್ಬಿ ಬೀಳಿಸುತ್ತಿದ್ದರು, ನನ್ನ ಗಂಡನಿಗೆ ಹೋಳಿಗೆ ಕಳಿಸುತ್ತಿದ್ದರು. ಒಂದು ವ್ಯತ್ಯಾಸ ನನಗೆ ಮಾತ್ರ ಗೊತ್ತಿತ್ತು. ನಮ್ಮ ಕಟ್ಟಡದ ಅಂಗಳದಲ್ಲಿ ನೆಲದೊಳಗಿನ ನೀರಿನ ಟಾಕಿ ಒಂದಿತ್ತು. ಅದನ್ನು ತೊಳೆಯಲು ಮೊದಲು ಆಳು ಬರುತ್ತಿದ್ದ. ಆಮೇಲೆ ಕಾಕು, ಅವನು ಪಾಚಿ ಬಿಡುತ್ತಾನೆ, ಅವನ ಕೆಲಸ ಬರೋಬರಿಲ್ಲ ಎಂದು ಜಗಳ ತೆಗೆದು ಆ ಕೆಲಸವನ್ನು ತಾವೇ ಹಿಡಿದರು. ಮಧ್ಯಾಹ್ನ, ಗಂಡಸರು ಇಲ್ಲದ ಹೊತ್ತಿನಲ್ಲಿ, ಏಣಿ ಹಚ್ಚಿ ಇಳಿಯುತ್ತಿದ್ದರು. ಎದೆಮಟ್ಟ ನೀರು ಇನ್ನೂ ಇರುವಾಗಲೇ. ಮೇಲೆ ಮುಚ್ಚಳದ ಹತ್ತಿರ ಪೊರಕೆ ಹಿಡಿದು ನಿಲ್ಲುವ ಕೆಲಸ ನನ್ನದು. ಒಳಗೆ ಕತ್ತಲು. ನಾಲ್ಕು ಮಾರು ಉದ್ದದ ಸಿಮೆಂಟಿನ ಪೆಟ್ಟಿಗೆ. ಈಕಡೆಯ ಗೋಡೆಯಿಂದ ಆಕಡೆಯ ಗೋಡೆಗೆ ನೀರು ಸರಿಯುವ ಸದ್ದು ಕೇಳುತ್ತಿತ್ತು, ಮತ್ತೆ ತಿರುಗಿ ಬರುವ ಸದ್ದು. ನಾನು ಒಳಗೆ ಬಗ್ಗಿ ನೋಡುತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ ಬಕೆಟ್ಟು ಇಳಿಸು ಎನ್ನುತ್ತಿದ್ದರು.

ಮಗಳ ಲಗ್ನ ಮುಂದಿನ ವರ್ಷವೇ ಆಯಿತು, ಸೋಲಾಪುರದ ಕಡೆಗೆ. ಹುಡುಗ ಬಂದ ದಿನ ಕಾಕುವೇ ಟ್ರೇ ಹಿಡಿದು ಹೋದರು. ಆ ಹುಡುಗ ಕೈಯನ್ನೂ ನೋಡಿದ, ಚಹಾವನ್ನೂ ಕುಡಿದ, ಇನ್ನೊಂದು ಕಪ್ಪು ಸಿಗುತ್ತದೆಯೇ ಎಂದು ಕೇಳಿದ. ಯಾತಕ್ಕಾಗಿ ಅಷ್ಟೆಲ್ಲ ಹೆದರಿದ್ದೆವೋ ಅದು ಹೀಗೆ ಒಂದು ಕಪ್ಪು ಚಹಾದಲ್ಲಿ ಮುಗಿದುಹೋಯಿತು. ನಾನು ಕಾಕುವಿಗೆ ಕೇಳಿದೆ, ಈಗಲಾದರೂ ಲೋಣಾರಕ್ಕೆ ಹೋಗಬಹುದಲ್ಲ ಎಂದು. “ಏನಂತ ಹೇಳಿ ಹೋಗ್ಲಿ?” ಎಂದರು. “ಬೇನಿ ಇದ್ರ ಮದ್ದಿಗಿ ಹೋಗಬೇಕು. ಸುಮ್ಮ ಸುಮ್ಮ ನೀರಾಗ ಇಳೀತೀನಂತ ಹೆಂಗಸು ಹೆಂಗ ಹೇಳಬೇಕು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ನನ್ನನ್ನು ಕೇಳುತ್ತಿದ್ದರು, ನನಗೆ ಉತ್ತರ ಹೊಳೆದರೆ ಹೇಳಲಿ ಎಂದು.

ನಮಗೆ ಕ್ವಾರ್ಟರ್ಸ್ ಸಿಕ್ಕಿತು, ಓಝರಿಗೆ ಹೋದೆವು, ನನಗೆ ಮಕ್ಕಳಾದರು. ವಾರಕ್ಕೊಮ್ಮೆ ಬರುತ್ತಿದ್ದವಳು ತಿಂಗಳಿಗೊಮ್ಮೆ ಬರತೊಡಗಿದೆ, ಆಮೇಲೆ ಹಬ್ಬಕ್ಕೆ ಮಾತ್ರ. ಒಂದು ಬೇಸಿಗೆ ಮುಗಿಯುವ ಹೊತ್ತಿಗೆ ಕಾಕು ಮಲಗಿದಲ್ಲೇ ಹೋದರೆಂದು ಫೋನು ಬಂತು. ನನ್ನ ಚಿಕ್ಕ ಮಗನಿಗೆ ಜ್ವರವಿತ್ತು. ಮಣ್ಣಿಗೆ ಹೋಗಲು ಆಗಲಿಲ್ಲ.

ಎಂಟು ದಿನ ಬಿಟ್ಟು ಹೋದೆ. ಮಗಳು ಒಳಗೆ ಮಲಗಿದ್ದಳು. ಔರಂಗಾಬಾದಿನ ಅಕ್ಕ ಅದಕ್ಕೂ ಎರಡು ವರ್ಷ ಮೊದಲೇ ಹೋಗಿದ್ದರು. ಕಾಕಾ ಪಡಸಾಲೆಯಲ್ಲಿ ಒಬ್ಬರೇ ಕುಳಿತಿದ್ದರು. ಅಂಗಡಿ ಮುಚ್ಚಿತ್ತು. ಚಹಾ ಮಾಡಿಕೊಡಲೇ ಎಂದೆ, ಬೇಡವೆಂದರು. ಕೂರು ಎಂದರು. ಇವತ್ತು ಹೇಳದಿದ್ದರೆ ಇನ್ನು ಹೇಳಲು ಯಾರೂ ಉಳಿಯುವುದಿಲ್ಲ ಎಂದು ನನಗನಿಸಿತು.

“ಕಾಕಾ, ಅವತ್ತು ನನ್ನ ಬಾಯಿಂದ ಆತ್ರಿ. ನಾ ಸುಮ್ಮನಿದ್ದಿದ್ರ ನಿಮಗ ಗೊತ್ತಾಗ್ತಿರಲಿಲ್ಲ.”

ಯಾವತ್ತು ಎಂದು ಅವರು ಕೇಳಲಿಲ್ಲ.

“ನನಗ ಗೊತ್ತಿತ್ತು” ಎಂದರು. “ಲೋಣಾರದಿಂದ ಮರುದಿನ ಮನಿಗಿ ಬಂದ ಮ್ಯಾಲೂ ಅಕಿ ಎರಡು ರೊಟ್ಟಿ ಜಾಸ್ತಿ ತಿಂತಿದ್ಳು. ನೀರಾಗ ಸುಮ್ ನಿಂತವರಿಗಿ ಅಷ್ಟು ಹಸಿವಿ ಆಗ್ತದೇನು? ಮೊದಲನೇ ಸಲಾನೇ ತಿಳೀತು. ಗೊತ್ತಿಲ್ದಂಗ ಇದ್ದೆ. ನೀ ಅಕ್ಕನ ಮುಂದ ಅಂದ ಮ್ಯಾಲ ಗೊತ್ತಿಲ್ದಂಗ ಇರ್ಲಾಕ ಆಗ್ಲಿಲ್ಲ.”

ಅವರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತ ಕುಳಿತರು. ಆಮೇಲೆ ಏನೋ ಕೇಳಲು ಸಂಕೋಚವಾದವರಂತೆ ಮಗಳು ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಕೇಳಿದರು:

“ಹ್ಯಾಂಗ ಈಸ್ತಿದ್ಳು ಅಕಿ?”

ಕಾಕುವಿನ ಜೊತೆ ಮೂವತ್ತೈದು ವರ್ಷಕ್ಕಿಂತ ಹೆಚ್ಚು ಬಾಳಿದ ಮನುಷ್ಯ ನನ್ನನ್ನು ಕೇಳುತ್ತಿದ್ದರು. ನಾನು ನನಗೆ ಬಂದಷ್ಟು ಹೇಳಿದೆ. ಸಪ್ಪಳ ಮಾಡುತ್ತಿರಲಿಲ್ಲ ಎಂದೆ. ಹಕ್ಕಿಗಳೂ ಏಳುತ್ತಿರಲಿಲ್ಲ ಎಂದೆ. ಎರಡೂ ಕೈ ಮುಂದೆ ಚಾಚಿ, ಅವು ಹೇಗೆ ತೆರೆದು ಮುಚ್ಚುತ್ತಿದ್ದವೆಂದು ಗಾಳಿಯಲ್ಲಿ ತೋರಿಸಿದೆ. ನಡುವೆ ಹೋಗಿ ಬೆನ್ನ ಮೇಲೆ ಮಲಗಿಬಿಡುತ್ತಿದ್ದರು, ಕರೆದರೂ ಬೇಗ ಬರುತ್ತಿರಲಿಲ್ಲ ಎಂದೆ. ಕಾಕಾ ನನ್ನ ಕೈಗಳನ್ನೇ ನೋಡುತ್ತಿದ್ದರು.

“ಅಂಜ್ತಿದ್ದಿಲ್ಲೇನು?”

“ಇಲ್ರಿ. ನಗ್ತಿದ್ರು.”

ಅವರು ತಲೆಯಾಡಿಸಿದರು. ಹೊರಗೆ ಯಾರೋ ಗಿರಾಕಿ ಬಂದು ಮುಚ್ಚಿದ ಅಂಗಡಿಯ ಬಾಗಿಲು ತಟ್ಟಿ, ಸ್ವಲ್ಪ ಹೊತ್ತು ಕಾದು, ಹೋದ ಸದ್ದು ಕೇಳಿತು.

“ಒಂದ್ ದಿನ ದುಕಾನ್ ಬಂದ್ ಇಟ್ಟು ನಾನೂ ಬರಬಹುದಿತ್ತು” ಎಂದರು ಕಾಕಾ. “ದಂಡಿ ಮ್ಯಾಗ ಕುಂತು ನೋಡಬಹುದಿತ್ತು.”

ಇಂಥ ಹೊತ್ತಿನಲ್ಲಿ ಹಿರಿಯರಿಗೆ ಏನಾದರೂ ಸಮಾಧಾನ ಹೇಳಬೇಕು. ಹಣೆಬರಹ ಎನ್ನಬೇಕು, ಆಗಿನ ಕಾಲವೇ ಹಾಗಿತ್ತು ಎನ್ನಬೇಕು. ಎರಡೂ ನನ್ನ ಬಾಯಿಯವರೆಗೆ ಬಂದವು. ಆದರೆ ಕಾಕುವಿನ ಮನೆಯಲ್ಲಿ ಕುಳಿತು ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

“ಹೌದ್ರಿ ಕಾಕಾ” ಎಂದೆ. “ನೋಡಬಹುದಿತ್ತು.”